ಶಾಸನಕ್ಕೇರದ ಬೇಟೆ

2025ರ ಯುಗಾದಿ ಮುಗಿದು ಕೆಲವು ದಿನಗಳಾಗಿದ್ದುವು. ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಹತ್ತು ವರ್ಷದ ಮೊಮ್ಮಗ ಮೊಬೈಲನ್ನು ನನ್ನ ಕಣ್ಣ ಮುಂದೆ ಹಿಡಿದ. ನಮ್ಮ ಜಿಲ್ಲೆಯದೇ ಆದ ತುರುವಿಹಾಳದಲ್ಲಿ ಜಾತ್ರೆಯ ಹೊತ್ತಿಗೆ ಮೊಲಗಳ ಬೇಟೆಯಾಡಿ, ಸತ್ತವನ್ನು ಮೆರವಣಿಗೆಯಲ್ಲಿ ಹೊತ್ತರೆಂಬ ದೂರಿನ ಮೇಲೆ ಅರಣ್ಯ ಇಲಾಖೆಯವರು ಪ್ರಕರಣ ದಾಖಲಿಸಿಕೊಂಡ ಸುದ್ದಿ ಅದು. ಹುಡುಗ ಸುದ್ದಿಯನ್ನು ಓದಿ ಮುಗಿಸಿ ನನ್ನ ಮುಖ ನೋಡಿದ. "ನಿಮ್ಮಪ್ಪನೂ ಮೊಲ ಹೊಡೀತಿದ್ರಂತಲ್ಲ ತಾತ, ಅವರನ್ನ ಯಾಕ ಹಿಡೀಲಿಲ್ಲ? ಕಳ್ಳತನದಿಂದ ಹೊಡೀತಿದ್ರೇನು?" ಎಂದ.

ಮೂವತ್ತು ವರ್ಷಕ್ಕೆ ಮಿಕ್ಕಿ ಚರಿತ್ರೆಯ ಪಾಠ ಹೇಳಿದವನು ನಾನು. ರಾಯಚೂರು ಕೋಟೆಯ ಗೋಡೆಯಲ್ಲಿರುವ ಆ ಉದ್ದನೆಯ ಶಾಸನದ ಚಪ್ಪಡಿ ಯಾವ ವರ್ಷದ್ದೆಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲಿಯೂ 1294 ಎನ್ನುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ಬಾಯಿ ಕಟ್ಟಿತು. "ಆಮೇಲೆ ಹೇಳುತ್ತೇನೆ" ಎಂದು ಹುಡುಗನನ್ನು ಆಟಕ್ಕೆ ಅಟ್ಟಿದೆ. ಹಾಗೆ ಮುಂದಕ್ಕೆ ತಳ್ಳಿದ ಉತ್ತರ ಇದು.

ನಮ್ಮ ಊರು ದೇವದುರ್ಗದಿಂದ ಮಾನ್ವಿಯ ಕಡೆಗೆ ಬರುವ ಗಾಡಿದಾರಿಯ ಮಗ್ಗುಲಿಗೆ ಇತ್ತು. ಒಂದು ಕಡೆ ಎರೆ ಹೊಲ, ಇನ್ನೊಂದು ಕಡೆ ಕಲ್ಲು ಮಡ್ಡಿ. ಹಿಂಗಾರಿ ಜೋಳ ಕೊಯ್ದ ಮೇಲೆ ಎರೆ ಬಿರಿದು ಬಾಯಿ ಬಿಡುತ್ತಿತ್ತು. ಬಿರುಕಿನಲ್ಲಿ ಕಾಲು ಸಿಕ್ಕಿದ ಆಡುಮರಿಯನ್ನು ಎಳೆದು ತೆಗೆದದ್ದು ನನಗೆ ನೆನಪಿದೆ. ಮೊಲ ಹಗಲೆಲ್ಲ ಮಡ್ಡಿಯ ಜಾಲಿ, ಬಾರಿ ಗಿಡಗಳ ಬುಡದಲ್ಲಿ ಅವಿತಿದ್ದು ರಾತ್ರಿ ಹೊಲಕ್ಕೆ ಇಳಿಯುವುದು. ನಾವು ಒಕ್ಕಲಿಗರು, ಬೇಡರಲ್ಲ. ಆದರೆ ಬೇಟೆಯ ಮಟ್ಟಿಗೆ ನಮ್ಮ ತಂದೆಯವರಿಗೆ ಗುರುವಾಗಿದ್ದವನು ನಮ್ಮೂರ ಬೇಡರ ಒಬ್ಬ ಮುದುಕ. ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಕೇಪಿನ ಬಂದೂಕೊಂದು ನಮ್ಮ ಮನೆಯಲ್ಲಿತ್ತು. ಬಾಯಿಂದ ಮದ್ದು ತುಂಬುವ ಜಾತಿಯದು. ಕೊಂಬಿನಿಂದ ಅಳತೆಯ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಛರಿ ಹಾಕಿ, ಮತ್ತೆ ನಾರು ತುರುಕಿ, ಕಟ್ಟಕಡೆಗೆ ಕಿವಿಯ ಮೇಲೆ ತಾಮ್ರದ ಕೇಪು ಕೂಡಿಸಬೇಕು. ಗುರಿ ತಪ್ಪಿತೋ, ಇಷ್ಟನ್ನೂ ಮೊದಲಿಂದ ಮಾಡಬೇಕು. ಅಷ್ಟರಲ್ಲಿ ಮೊಲ ಮುಂದಿನ ಊರ ಸೀಮೆ ಸೇರಿರುತ್ತಿತ್ತು.

1962ರಲ್ಲಿ, ಯುಗಾದಿ ಇನ್ನೂ ಹದಿನೈದು ದಿನ ಇರುವಾಗ, ತಂದೆಯವರು ನಸುಕಿನಲ್ಲಿ ನನ್ನನ್ನು ಎಬ್ಬಿಸಿದರು. ನನಗೆ ಒಂಬತ್ತು ವರ್ಷ. ಮದ್ದಿನ ಕೊಂಬನ್ನು ನನ್ನ ಕೊರಳಿಗೆ ಹಾಕಿದರು. ಅಂದಿನ ನನ್ನ ಹೆಮ್ಮೆಯನ್ನು ಏನೆಂದು ಹೇಳಲಿ! ದಾರಿಯುದ್ದಕ್ಕೂ ಅವರು ಆಡಿದ ಮಾತು ನಾಲ್ಕೋ ಐದೋ. "ಗಾಳಿ ಮಾರಿಗೆ ಬಡೀಬೇಕು, ಬೆನ್ನಿಗಲ್ಲ" ಎಂಬುದೊಂದು. ಮೊಲಕ್ಕೆ ಹಿಂಗಾಲು ಉದ್ದ, ಅದಕ್ಕಾಗಿ ಏರಿಗೆ ಚೆನ್ನಾಗಿ ಓಡುತ್ತದೆ, ಇಳುಕಲಿನಲ್ಲಿ ಮುಗ್ಗರಿಸುತ್ತದೆ ಎಂಬುದೊಂದು. ಎಬ್ಬಿಸಿದ ಮೊಲ ಸುತ್ತು ಹಾಕಿ ಎದ್ದ ಜಾಗದ ಹತ್ತಿರಕ್ಕೇ ಬರುತ್ತದೆ, ಆದ್ದರಿಂದ ಅದರ ಹಿಂದೆ ಓಡುವವನು ದಡ್ಡ ಎಂಬುದು ಮತ್ತೊಂದು. ಶಾಲೆಯಲ್ಲಿ ಒಂದು ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಒಂದು ಹರದಾರಿಯಲ್ಲಿ ಕಲಿತೆನೆಂದು ಈಗಲೂ ನನ್ನ ಎಣಿಕೆ.

ಹಳ್ಳದ ದಂಡೆಯಲ್ಲಿ ಒಣ ಹುಲ್ಲಿನ ನಡುವೆ ಮೊಲ ಕುಳಿತಿತ್ತು. ತಂದೆಯವರು ತೋರಿಸುವ ವರೆಗೂ ನನಗೆ ಅದು ಮಣ್ಣಿನ ಹೆಂಟೆ. ಅವರು ಕುಳಿತ ಮೊಲಕ್ಕೇ ಹೊಡೆದರು. ಕುಳಿತದ್ದನ್ನು ಹೊಡೆಯಬಾರದು, ಓಡುವುದಕ್ಕೆ ಅವಕಾಶ ಕೊಟ್ಟು ಹೊಡೆಯಬೇಕು ಎಂಬ ನಿಯಮವೊಂದಿದೆಯೆಂದು ನಾನು ಮುಂದೆ ದೊರೆಗಳ ಶಿಕಾರಿಯ ಪುಸ್ತಕಗಳಲ್ಲಿ ಓದಿ ತಿಳಿದೆ. ತೋಟಾ ತುಂಬಿದ ಪೆಟ್ಟಿಗೆಯನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋಗುವವರ ನಿಯಮ ಅದು. ಮದ್ದಿನ ಒಂದೊಂದು ಚಿಟಿಕೆಗೂ ಲೆಕ್ಕವಿರುವ ಮನೆಯಲ್ಲಿ ಅಂಥ ಔದಾರ್ಯ ಹುಟ್ಟುವುದು ಹೇಗೆ?

ಮೊಲ ಸಾಯಲಿಲ್ಲ. ಬದುಕಿರುವ ತನಕ ಬಾಯಿ ಬಿಡದ ಪ್ರಾಣಿ ಅದು. ನೋವಾದಾಗ ಮಾತ್ರ ಕೂಗುತ್ತದೆ, ಆ ಕೂಗು ಎಳೆಗೂಸಿನ ಅಳುವಿನ ಹಾಗೆಯೇ ಇರುತ್ತದೆ. ಕೇಳಿದವರು ಬಲ್ಲರು. ತಂದೆಯವರು ಅದನ್ನು ಹಿಂಗಾಲು ಹಿಡಿದು ಎತ್ತಿ ತಂದು ನನ್ನ ಮುಂದೆ ಚಾಚಿ, ಕುತ್ತಿಗೆಯನ್ನು ಹೇಗೆ ತಿರುಚಬೇಕೆಂದು ಕೈಯಿಂದ ತೋರಿಸಿ, "ಮುಗಿಸು" ಎಂದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ಇನ್ನೊಮ್ಮೆ ಹೇಳಲಿಲ್ಲ. ತಾವೇ ಮುಗಿಸಿದರು. ಬೈಯಲಿಲ್ಲ, ನಗಲಿಲ್ಲ. ಮನೆಗೆ ಬರುವ ತನಕ ಮಾತೂ ಆಡಲಿಲ್ಲ.

ಮರುವಾರ ನಸುಕಿನಲ್ಲಿ ಅವರು ಎಬ್ಬಿಸಿದ್ದು ನನ್ನನ್ನಲ್ಲ; ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ನನ್ನ ತಮ್ಮನನ್ನು. ನಾನು ಎಚ್ಚರವಾಗಿಯೇ ಇದ್ದೆ. ಕೌದಿಯೊಳಗಿಂದ ಅವರಿಬ್ಬರ ಹೆಜ್ಜೆಯ ಸಪ್ಪಳ ಅಂಗಳ ದಾಟಿ ಹೋಗುವುದನ್ನು ಕೇಳಿದೆ. ಆಮೇಲೆ ನನ್ನನ್ನು ಅವರು ಎಂದೂ ಕರೆಯಲಿಲ್ಲ.

ಮುಂದೆ ಚರಿತ್ರೆ ಓದತೊಡಗಿದಾಗ ಎಲ್ಲಿಯಾದರೂ ಒಂದು ಮೊಲ ಸಿಕ್ಕೀತೆ ಎಂದು ಹುಡುಕುವ ಚಟ ನನಗೆ ಅಂಟಿಕೊಂಡಿತು. ಸಹೋದ್ಯೋಗಿಗಳು ನಕ್ಕದ್ದುಂಟು. ಆದರೆ ಈ ಹುಡುಕಾಟದಿಂದ ನನಗೆ ಒಂದು ಸಂಗತಿ ಮನದಟ್ಟಾಯಿತು. ನಮ್ಮ ನಾಡಿನ ಶಾಸನಗಳು, ಕಾವ್ಯಗಳು ಬೇಟೆಯನ್ನು ಬೇಕಾದಷ್ಟು ಬಣ್ಣಿಸುತ್ತವೆ. ಆ ಬೇಟೆ ಅರಸನದು, ಪ್ರಾಣಿ ಹುಲಿ ಅಥವಾ ಹಂದಿ. ತಂದೆ ಮಗನನ್ನು ಕರೆದುಕೊಂಡು ಹೋಗಿ ಒಂದು ಮೊಲವನ್ನೋ ಗೌಜಲಹಕ್ಕಿಯನ್ನೋ ತಂದು ಸಾರು ಮಾಡಿದ್ದು ಯಾವ ಕಲ್ಲಿನ ಮೇಲೆಯೂ ಇಲ್ಲ. ಆತಕೂರಿನ ಶಾಸನ ಎಲ್ಲರಿಗೂ ತಿಳಿದದ್ದೆ. 949-50ರ ಸುಮಾರಿನದು; ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ನಾಯಿಗೆ ಸಿಕ್ಕ ಈ ಗೌರವ ಮೊಲ ಹಿಡಿದ ಮನುಷ್ಯನಿಗೆ ಸಿಗಲಿಲ್ಲ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮೃಗಯೆ, ಡೇಗೆ, ನಾಯಿ, ಮೀನು ಒಂದೊಂದಕ್ಕೂ ಬೇರೆ ಬೇರೆ ವಿನೋದಗಳನ್ನು ವಿವರಿಸಿದ್ದಾನೆ. ಎಲ್ಲವೂ ವಿನೋದಗಳೇ, ಹಸಿದವನ ಬೇಟೆಗೆ ಆ ಗ್ರಂಥದಲ್ಲಿ ಅಧ್ಯಾಯವಿಲ್ಲ.

ಬೇಟೆಯನ್ನು ಬೇಡವೆಂದವರು ಬರೆದದ್ದರಲ್ಲಿ ಮಾತ್ರ ಸಣ್ಣ ಪ್ರಾಣಿಗಳು ಸುಳಿಯುತ್ತವೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡ ಬಂಡೆಯ ಶಾಸನ 'ದೇವಾನಾಂಪ್ರಿಯ'ನೇ ಅಶೋಕನೆಂದು ತಿಳಿಸಿ ಲೋಕಪ್ರಸಿದ್ಧವಾಯಿತು. ಅದರಲ್ಲಿ ಬೇಟೆಯ ಮಾತಿಲ್ಲ. ತುಂಗಭದ್ರೆಯ ಆಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳಲ್ಲಿದೆ: ಹಿಂದೆ ಅರಸರು ಬೇಟೆಯಾಡುತ್ತ ವಿಹಾರ ಹೋಗುತ್ತಿದ್ದರು, ತಾನು ಅದನ್ನು ಬಿಟ್ಟು ಧರ್ಮಯಾತ್ರೆ ಹಿಡಿದೆನೆಂದೂ, ತನ್ನ ಅಡುಗೆಮನೆಗೆ ದಿನವೂ ಲಕ್ಷಾಂತರ ಪ್ರಾಣಿಗಳು ಸಾಯುತ್ತಿದ್ದುದು ಈಗ ಎರಡು ನವಿಲು ಒಂದು ಜಿಂಕೆಗೆ ಇಳಿದಿದೆ, ಮುಂದೆ ಅವೂ ಇಲ್ಲವೆಂದೂ ಅಶೋಕ ಹೇಳುತ್ತಾನೆ. ಉತ್ತರದ ಸ್ತಂಭಗಳಲ್ಲಿ, ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಗಿಳಿ, ಗೊರವಂಕ, ಬಾವಲಿ, ಆಮೆ ಎಂದು ಸಾಗುವ ಆ ಪಟ್ಟಿಯಲ್ಲಿ 'ಪಂಣಸಸೆ' ಎಂಬ ಒಂದು ಹೆಸರಿದೆ. ಸಸ ಎಂದರೆ ಮೊಲ. ಅಂತೂ ಸಿಕ್ಕಿತು ನನ್ನ ಮೊಲ ಎಂದು ಹಿಗ್ಗಿದೆ. ಪಂಡಿತರಲ್ಲಿ ಹಲವರು ಅದು ಎಲೆಗಳ ನಡುವಿನ ಮೊಲ, ಅರ್ಥಾತ್ ಅಳಿಲು ಎಂದುಬಿಟ್ಟಿದ್ದಾರೆ.

ಆದರೆ ಅಶೋಕನ ಮಾತುಗಳಲ್ಲಿ ನನ್ನನ್ನು ಬಹುಕಾಲ ಕಾಡಿದ್ದು ಬೇರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಕಂಡ ಶಾಸನದ ಎರಡನೆಯ ಭಾಗದಲ್ಲಿ ಜನರಿಗೆ ಉಪದೇಶವಿದೆ. ತುಂಗಭದ್ರೆಯ ಬಲಗಡೆಯ ಸೀಮೆಯಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಅದೇ ಉಪದೇಶವನ್ನು ಕೊರೆಸಿದ್ದಾರೆ. ತಾಯಿತಂದೆಗಳ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ಗೌರವವಿರಬೇಕು, ಸತ್ಯ ನುಡಿಯಬೇಕು. ಒಂದರ ಬೆನ್ನಿಗೆ ಒಂದು, ಒಂದೇ ಉಸಿರಿನಲ್ಲಿ. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಹಳ್ಳದ ದಂಡೆ ಕಣ್ಣಿಗೆ ಕಟ್ಟುತ್ತಿತ್ತು. ತಂದೆಯೇ ಮೊಲದ ಕುತ್ತಿಗೆ ತಿರುಚೆಂದರೆ ಒಂಬತ್ತರ ಹುಡುಗ ಯಾವುದನ್ನು ಪಾಲಿಸಬೇಕು? ಸಾಮ್ರಾಟನಿಗೆ ಈ ತೊಡಕು ಹೊಳೆದಿರಲಿಕ್ಕಿಲ್ಲ. ಅವನ ಉಪದೇಶ ತಲುಪಬೇಕಾಗಿದ್ದ ಈ ಗಡಿಯ ಸೀಮೆಯಲ್ಲಿಯೇ ಬೇಟೆಗಾರರ ಮನೆಗಳು ಹೆಚ್ಚಾಗಿದ್ದಿರಬೇಕಲ್ಲವೆ?

ಕಡೆಗೂ ನನಗೆ ನಿಜವಾದ ಮೊಲ ಸಿಕ್ಕಿದ್ದು ಒಬ್ಬ ಪರದೇಶಿಯ ಬರಹದಲ್ಲಿ. ಹದಿನಾರನೆಯ ಶತಮಾನದ ಮೂವತ್ತರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್, ಅಲ್ಲಿನ ಅರಸರು ದನದ ಮಾಂಸವೊಂದನ್ನು ಬಿಟ್ಟು ಉಳಿದುದನ್ನು ತಿನ್ನುತ್ತಾರೆಂದು ಹೇಳಿ ಪಟ್ಟಿ ಕೊಡುತ್ತಾನೆ: ಕುರಿ, ಹಂದಿ, ಜಿಂಕೆ, ಗೌಜಲಹಕ್ಕಿ, ಮೊಲ, ಪಾರಿವಾಳ, ಬುರ್ಲಿ, ಗುಬ್ಬಿಯ ವರೆಗೂ. ಇವೆಲ್ಲ ಪಟ್ಟಣದ ಸಂತೆಯಲ್ಲಿ ಮಾರಾಟವಾಗುತ್ತಿದ್ದುವು. ಬೇಟೆಯ ಪ್ರಾಣಿಗಳನ್ನು ಮಾತ್ರ ಜೀವಂತವಾಗಿಯೇ ಮಾರಬೇಕಾಗಿತ್ತು. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ಗೊತ್ತಾಗಬೇಕಷ್ಟೆ. ಈ ಒಂದು ಮಾತಿನಲ್ಲಿ ಎಷ್ಟು ಚರಿತ್ರೆ ಅಡಗಿದೆ ನೋಡಿ. ಜೀವಂತ ಮೊಲ ಸಂತೆಗೆ ಬರಬೇಕಾದರೆ ಅದನ್ನು ಬಾಣದಿಂದ ಹೊಡೆದಿರಕೂಡದು. ಬಲೆಯಲ್ಲಿ, ಉರುಲಿನಲ್ಲಿ ಹಿಡಿದಿರಬೇಕು. ಹಿಡಿದವನು ಹಳ್ಳಿಯವನು. ಒಬ್ಬನೇ ಬಲೆಗೆ ಸಾಲದು. ಒಂದು ತುದಿಯಲ್ಲಿ ಬಲೆ ಕಟ್ಟಿ ಕಾಯುವವನು ಬೇಕು, ಇನ್ನೊಂದು ತುದಿಯಿಂದ ಪೊದೆ ಬಡಿಯುತ್ತ ಮೊಲವನ್ನು ಇಳಿಜಾರಿಗೆ ಅಟ್ಟುವವರು ಬೇಕು. ಪೊದೆ ಬಡಿಯುವ ಕೆಲಸ ಎಲ್ಲ ಕಾಲದಲ್ಲಿಯೂ ಹುಡುಗರದು. ನಮ್ಮೂರಲ್ಲಿಯೂ ಯುಗಾದಿಯ ಸುತ್ತಿನ ಊರಬೇಟೆಗೆ ಹೋದಾಗ ಹುಡುಗರಿಗೆ ಡಬ್ಬಿ, ಕೋಲು ಕೊಟ್ಟು ಸಾಲಾಗಿ ನಿಲ್ಲಿಸುತ್ತಿದ್ದರು. ತಂದದ್ದರಲ್ಲಿ ಅವರಿಗೂ ಪಾಲು, ನಾಯಿಗೂ ಪಾಲು. ಹಂಪೆಯ ಪೇಟೆಗೆ ಮೊಲ ಹೋದದ್ದು ಇಂಥ ತಂದೆಮಕ್ಕಳ ಕೈಯಿಂದಲೇ ಎಂದು ನಾನು ಊಹಿಸುತ್ತೇನೆ.

ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರಲ್ಲಿ ಮುಖ್ಯರಾದವರು ಪಾರ್ಧಿಗಳು. ನಮ್ಮ ಕಡೆ ಹರಣಶಿಕಾರಿಗಳೆಂದೂ ಚಿಗರಿ ಬೇಟೆಗಾರರೆಂದೂ ಕರೆಯುತ್ತಾರೆ. ಪಳಗಿಸಿದ ಎ‌ತ್ತೊಂದನ್ನು ಮೇಯಿಸುತ್ತ ಮೇಯಿಸುತ್ತ ಅದರ ಮರೆಯಲ್ಲಿ ಚಿಗರಿಯ ಹಿಂಡಿನ ಮಗ್ಗುಲಿಗೆ ಹೋಗುವುದು, ಪಂಜರದಲ್ಲಿ ಸಾಕಿದ ಗೌಜಲಹಕ್ಕಿಯನ್ನು ಕೂಗಿಸಿ ಕಾಡಿನ ಹಕ್ಕಿಯನ್ನು ಉರುಲಿಗೆ ಕರೆಸುವುದು ಇವರ ಕಲೆ. ಆರೇಳು ವರ್ಷದ ಹುಡುಗ ಹಕ್ಕಿಯ ಕೂಗನ್ನು ಕೂಗಿ ತೋರಿಸಿದ್ದನ್ನು ಮಾನ್ವಿಯ ಸಂತೆಯಲ್ಲಿ ನಾನೇ ಕೇಳಿದ್ದೇನೆ. ಇಂಥವರಿಗೆ ಆಳುವವರು ಕೊಟ್ಟ ಹೆಸರು ಏನು? ಬ್ರಿಟಿಷರ 1871ರ ಕಾಯಿದೆ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಮುಂಬಯಿ ಇಲಾಖೆಯಲ್ಲಿ ಪಾರ್ಧಿಗಳೂ ಕಾಲಕ್ರಮದಲ್ಲಿ ಆ ಪಟ್ಟಿಗೆ ಬಿದ್ದರು. ತಂದೆಯಿಂದ ಕಲಿತ ವಿದ್ಯೆ ಇರಲಿ, ತಂದೆಗೆ ಹುಟ್ಟಿದ್ದೇ ತಪ್ಪೆಂದಾಯಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಜನರ ಬಾಯಿಂದ ಆ ಹೆಸರನ್ನು ತೆಗೆಯುವುದು ಅಷ್ಟು ಸುಲಭವಾಗಲಿಲ್ಲ.

ಬಂದೂಕಿನ ಕಥೆ ಬೇರೆ. ಅದು ನಮ್ಮ ಸೀಮೆಯಲ್ಲಿ ಹೆಸರು ಮಾಡಿದ್ದು 1520ರಲ್ಲಿ, ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ. ಕ್ರಿಸ್ತೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಜೊತೆಯ ಕೆಲವರೂ ಕೋಟೆಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಕೆಡಹಿದರು. ಬಗ್ಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ಬಿತ್ತೆಂದು ಇದೇ ನ್ಯೂನಿಜ್ ಬರೆದಿದ್ದಾನೆ. ಮುಂದಿನ ನೂರೆಂಬತ್ತು ವರ್ಷಗಳಲ್ಲಿ ಆ ಆಯುಧ ಕೃಷ್ಣಾ ತೀರದ ಬೇಡರ ಕೈಗೆ ಎಷ್ಟು ಚೆನ್ನಾಗಿ ಒಗ್ಗಿತೆಂಬುದಕ್ಕೆ ಸಾಕ್ಷಿ ಔರಂಗಜೇಬನೇ. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಸುರಪುರದ ಬಳಿಯ ವಾಗಿನಗೇರಿಯದು. ಎಂಬತ್ತಾರರ ಮುದುಕ ಚಕ್ರವರ್ತಿಯನ್ನು ಬೇಡ ನಾಯಕ ಪಿಡ್ಡನಾಯಕ ತಿಂಗಳುಗಟ್ಟಲೆ ಕಾಯಿಸಿ, ಕೋಟೆ ಬೀಳುವ ಹೊತ್ತಿಗೆ ತನ್ನವರೊಡನೆ ಜಾರಿಕೊಂಡ. ಬಾದಶಹ ದೇವಾಪುರದಲ್ಲಿ ಕಾಯಿಲೆ ಬಿದ್ದು ಅಲ್ಲಿಯೇ ತಿಂಗಳುಗಳನ್ನು ಕಳೆಯಬೇಕಾಯಿತು. ಬೇಡರ ಗುರಿಯನ್ನು ಇತಿಹಾಸಕಾರ ಜದುನಾಥ ಸರ್ಕಾರರೂ ಹೊಗಳಿದ್ದಾರೆ. ಅವರಿಗೆ ಕವಾಯತಿನ ಮೈದಾನವಿತ್ತೆ? ಮದ್ದಿನ ಕಾರ್ಖಾನೆಯ ಗುರುಗಳಿದ್ದರೆ? ನನ್ನ ಅಭಿಪ್ರಾಯದಲ್ಲಿ ಆ ಗುರಿಯ ಶಾಲೆ ಮಡ್ಡಿಯ ಮೊಲ, ಹಳ್ಳದ ಗೌಜಲಹಕ್ಕಿ. ದೇವದುರ್ಗದ ಹಳೆಯ ಪಾಳೆಯಗಾರರ ಬಲವೂ ಇದೇ ಶಾಲೆಯಲ್ಲಿ ಕಲಿತ ಮಕ್ಕಳ ಬಲ.

ಇಲ್ಲಿಯೇ ಸುರಪುರದ ಕೊನೆಯ ದೊರೆಯ ಮಾತು ಬರುತ್ತದೆ. ತಂದೆಯಿಲ್ಲದ ಮಗು ವೆಂಕಟಪ್ಪನಾಯಕ. 1841ರಲ್ಲಿ ನಿಜಾಮನ ಸೈನ್ಯದ ಅಧಿಕಾರಿ ಮೆಡೋಸ್ ಟೇಲರ್ ಸುರಪುರದ ಆಡಳಿತ ನೋಡಲು ಬಂದಾಗ ಹುಡುಗನಿಗೆ ಏಳರ ಆಸುಪಾಸು. ಟೇಲರ್ ಅವನನ್ನು ಓದಿಸಿದ, ಬೆಳೆಸಿದ. ಹುಡುಗ ಅವನನ್ನು ಅಪ್ಪಾ ಎಂದೇ ಕರೆದ. 1853ರಲ್ಲಿ ರಾಜ್ಯವನ್ನು ಯುವಕನ ಕೈಗೆ ಒಪ್ಪಿಸಿ ಟೇಲರ್ ಹೊರಟುಹೋದ. ಐದು ವರ್ಷವಾಗುವುದರೊಳಗೆ ಅದೇ ಕೈ ಬ್ರಿಟಿಷರ ಮೇಲೆ ಎದ್ದಿತು.

ಅದಕ್ಕೂ ಮೊದಲೇ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಕಿಡಿ ಹತ್ತಿತ್ತು. 1857ರ ಕಾಯಿದೆಯ ಪ್ರಕಾರ ಎಲ್ಲರೂ ಆಯುಧಗಳನ್ನು ಒಪ್ಪಿಸಬೇಕೆಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ದೊರೆಗಳ ದೃಷ್ಟಿಯಲ್ಲಿ ಅದು ದಂಗೆಯ ಆಯುಧ. ಬೇಡನ ದೃಷ್ಟಿಯಲ್ಲಿ ಅವನ ತಂದೆ ಕೊಟ್ಟು ಹೋದ, ಮಗನಿಗೆ ಕೊಡಬೇಕಾದ ಒಂದೇ ಆಸ್ತಿ. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಊರನ್ನು ಸುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಈ ಕಥೆ ಲಾವಣಿಯಾಗಿ ಉಳಿಯಿತು, ಫ್ಲೀಟ್ ಸಾಹೇಬರು ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ಸಾಮಾನ್ಯನ ಬೇಟೆಯ ಆಯುಧ ನಮ್ಮ ಚರಿತ್ರೆಯೊಳಗೆ ಬಂದದ್ದು ಅದನ್ನು ಕಿತ್ತುಕೊಂಡ ದಿನ.

1858ರ ಫೆಬ್ರುವರಿಯಲ್ಲಿ ಅದೇ ಮಾಲ್ಕಮ್ ಸುರಪುರದ ಮೇಲೂ ಬಂದ. ವೆಂಕಟಪ್ಪನಾಯಕ ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದ. ಸೆರೆಮನೆಗೆ ಟೇಲರ್ ಬಂದಾಗ ಯುವಕ ಅವನನ್ನು ತಬ್ಬಿಕೊಂಡು ಅಪ್ಪಾ ಎಂದು ಅತ್ತನಂತೆ. ಕಳ್ಳನ ಹಾಗೆ ನನ್ನನ್ನು ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂದು ಕೇಳಿಕೊಂಡನೆಂದು ಟೇಲರನ ಆತ್ಮಕಥೆ ಹೇಳುತ್ತದೆ. ಮರಣದಂಡನೆ ಕಡೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್ಪಟ್ಟಿನ ಕಡೆಗೆ ಸಾಗಿಸುವಾಗ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವನು ಸತ್ತ. ತಾನೇ ಹೊಡೆದುಕೊಂಡನೆಂದು ಬರೆದಿದ್ದಾರೆ. ಸುರಪುರದ ಜನರೆಲ್ಲ ಹಾಗೆಂದು ನಂಬಿಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ನೋಡಲು ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ನನಗೆ ಆ 'ಕಳ್ಳನ ಹಾಗೆ' ಎಂಬ ಮಾತು ನೆನಪಾಗುತ್ತಿತ್ತು. ಮೊಮ್ಮಗನ ಪ್ರಶ್ನೆಯಲ್ಲಿಯೂ ಅದೇ ಶಬ್ದ ಇತ್ತಾದ್ದರಿಂದಲೇ ನಾನು ಅಷ್ಟು ತಬ್ಬಿಬ್ಬಾದೆನೋ ಏನೋ.

ಕಾಯಿದೆಯ ಮಾತನ್ನೂ ಹೇಳಿಬಿಡಬೇಕು. ನಾನು ಮದ್ದಿನ ಕೊಂಬು ಹೊತ್ತಾಗ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಹತ್ತು ವರ್ಷ ದೂರವಿತ್ತು. 1972ರಲ್ಲಿ ಅದು ಬಂದಾಗಲೂ ಬೇಟೆ ಒಮ್ಮೆಗೇ ನಿಲ್ಲಲಿಲ್ಲ. ಮೊದಲಿನ ರೂಪದಲ್ಲಿ ಅದರ ನಾಲ್ಕನೆಯ ಅನುಸೂಚಿಯ ತಲೆಬರಹವೇ 'ಸಣ್ಣ ಬೇಟೆ' ಎಂದು; ಮೊಲವೂ ಗೌಜಲಹಕ್ಕಿಯೂ ಅಲ್ಲಿದ್ದುವು, ಅದಕ್ಕೆ ಬೇರೆಯೇ ಲೈಸೆನ್ಸು ದೊರೆಯುತ್ತಿತ್ತು. 1991ರ ತಿದ್ದುಪಡಿ ಆ ಲೈಸೆನ್ಸುಗಳನ್ನು ತೆಗೆದುಹಾಕಿತು. 2022ರಲ್ಲಿ ಅನುಸೂಚಿಗಳು ಮರುಜೋಡಣೆಯಾದುವು. ಮೊಲ ರಕ್ಷಣೆಯಲ್ಲಿಯೇ ಉಳಿಯಿತು. ಇದು ಸರಿಯಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಡ್ಡಿಯಲ್ಲಿ ಉಳಿದಿರುವ ನಾಲ್ಕು ಮೊಲಗಳ ಹಿಂದೆ ಮೋಟಾರು ಸೈಕಲ್ಲುಗಳ ಮೇಲೆ ನೂರು ಜನ ಹೋಗುವುದನ್ನು ಪದ್ಧತಿಯೆಂದು ಕರೆದರೆ ನನ್ನ ತಂದೆಯವರ ಗುರುವಾಗಿದ್ದ ಆ ಬೇಡ ಮುದುಕ ಒಪ್ಪುತ್ತಿರಲಿಲ್ಲ. ಮರಿ ಹಾಕುವ ಮೊಲದ ಜಾಡು ಕಂಡರೆ ಆ ಮಡ್ಡಿಯನ್ನೇ ಬಿಟ್ಟು ನಡೆಯುತ್ತಿದ್ದವನು ಅವನು.

ಆದರೆ ಮೊಲವನ್ನು ನಮ್ಮ ಸೀಮೆಯಿಂದ ಓಡಿಸಿದ್ದು ಬಂದೂಕೂ ಅಲ್ಲ, ಬಲೆಯೂ ಅಲ್ಲ, ನೀರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಎಡದಂಡೆಯ ಕಾಲುವೆ ಸಿಂಧನೂರು, ಮಾನ್ವಿಗಳ ಕಡೆಗೆ ಹರಿದು ಬಂದಂತೆ ಜೋಳದ ಎರೆಯಲ್ಲಿ ಭತ್ತ ಎದ್ದಿತು. ಆಂಧ್ರದಿಂದ ಒಕ್ಕಲು ಬಂದು ಕ್ಯಾಂಪುಗಳನ್ನು ಕಟ್ಟಿದರು. 1982ರಲ್ಲಿ ಕೃಷ್ಣೆಗೆ ನಾರಾಯಣಪುರದ ಅಣೆಕಟ್ಟು ಮುಗಿದು, ಬಲದಂಡೆಯ ಕಾಲುವೆ ದೇವದುರ್ಗದ ಕಡೆಗೂ ಬಂದಿತು. ಮಡ್ಡಿಗಳನ್ನು ಸಮ ಮಾಡಿದರು, ಬದುಗಳ ಮೇಲಿನ ಬಾರಿ ಕಂಟಿಗಳನ್ನು ಕಿತ್ತರು. ಕೆಸರಿನಲ್ಲಿ ಮೊಲ ಮಲಗುವುದೆಲ್ಲಿ? ಬರಗಾಲವನ್ನು ಉಂಡು ಬೆಳೆದ ಸೀಮೆಯವನು ನೀರಿನ ಮೇಲೆ ದೂರು ಹೇಳಿದರೆ ನಾಲಗೆಗೆ ಹುಳ ಬಿದ್ದೀತು. ನಾನು ದೂರು ಹೇಳುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ.

ನಮ್ಮ ಮನೆಯ ಬಂದೂಕಿನ ಕೊನೆಯೂ ಹೀಗೆಯೇ ಆಯಿತು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು, ಮುಗಿದ ಮೇಲೆ ಮರಳಿ ತರಬೇಕು. ಒಂದು ಚುನಾವಣೆಯ ತರುವಾಯ ತಂದೆಯವರು ತರಲು ಹೋಗಲಿಲ್ಲ. ತಮ್ಮ ಎರಡು ಸಲ ನೆನಪಿಸಿದ. "ಮೊಲ ಎಲ್ಲಿದ್ದಾವ ತಮ್ಮಾ?" ಎಂದರಂತೆ. ರಸೀದಿ ಬಹಳ ದಿನ ದೇವರ ಗೂಡಿನಲ್ಲಿ ಪಂಚಾಂಗದ ಕೆಳಗೆ ಇತ್ತು.

ಅವರ ಕೊನೆಯ ದಿನಗಳಲ್ಲಿ ನಾನು ಊರಿಗೆ ಹೋಗಿ ಹತ್ತಿರ ಕೂಡುತ್ತಿದ್ದೆ. ಒಂದು ಸಂಜೆ, ನನ್ನನ್ನು ಮತ್ತೆ ಏಕೆ ಕರೆಯಲಿಲ್ಲವೆಂದು ಕೇಳಿಯೇಬಿಟ್ಟೆ. ಅವರಿಗೆ ಆ ಮೊಲದ ನೆನಪೇ ಇರಲಿಲ್ಲ. ಹಳ್ಳದ ದಂಡೆ, ಕೂಗು, ನನ್ನ ಕೈ ಎಲ್ಲವನ್ನೂ ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗ ಅವತ್ತು ಜ್ವರ ಬಂದಿತ್ತು. ನಿಮ್ಮವ್ವ ಬೈದಳು, ಹುಡುಗನ್ನ ಥಂಡಿಯೊಳಗ ಒಯ್ಯಬ್ಯಾಡ ಅಂತ" ಎಂದರು. ನನಗೆ ಜ್ವರ ಬಂದದ್ದು ನೆನಪಿಲ್ಲ. ಅವ್ವ ಆಗಲೇ ತೀರಿಹೋಗಿದ್ದರು, ಕೇಳುವ ಹಾಗಿರಲಿಲ್ಲ.

ಮದ್ದಿನ ಕೊಂಬು ತಮ್ಮನ ಮನೆಯಲ್ಲಿತ್ತು. ಕಳೆದ ಸಲ ಹೋದಾಗ ಕೇಳಿ ತಂದೆ. ಮೊಮ್ಮಗ ಅದರ ಬಿರಡೆ ತೆಗೆದು ಮೂಸಿ ನೋಡಿ, ಇದರಲ್ಲಿ ಏನು ಹಾಕುತ್ತಿದ್ದಿರಿ ಎಂದು ಕೇಳಿದ. ಹೇಳಿದೆ. ಕುಳಿತ ಮೊಲ ಹೆಂಟೆಯ ಹಾಗೆ ಕಾಣುವುದನ್ನೂ, ಗಾಳಿ ಮುಖಕ್ಕೆ ಬಡಿಯಬೇಕೆಂಬುದನ್ನೂ ಹೇಳಿದೆ. ಬಂದೂಕಿಗೆ ಲೈಸೆನ್ಸು ಇತ್ತು, ಕಳ್ಳತನವಲ್ಲ; ಈಗ ಹೊಡೆದರೆ ಅಪರಾಧ ಎಂದೆ. ಮೊಲದ ಕೂಗಿನ ವಿಷಯ ಮಾತ್ರ ಅವನೆದುರು ಬಾಯಿಗೆ ಬರಲಿಲ್ಲ. ಇಲ್ಲಿ ಬರೆದಿದ್ದೇನೆ, ಹುಡುಗ ಇಂಗ್ಲಿಷ್ ಶಾಲೆಗೆ ಹೋಗುತ್ತಾನಾದರೂ ಕನ್ನಡವನ್ನು ಕೂಡಿಸಿ ಓದಬಲ್ಲ.